ಎರಡು ರೆಕ್ಕೆಯ ಇಮಾನ

ಪಾರ್ಸಲ್ಲು ಹನ್ನೊಂದರ ಗಾಡಿಗೇ ಬಂದುಬಿಟ್ಟಿತು. ಹದಿನಾಲ್ಕು ತಿಂಗಳು ದಾರಿ ಕಾಯಿಸಿದ್ದು ಇನ್ನು ನಾಲ್ಕು ದಿನ ಕಾಯಿಸಿದ್ದರೆ ಯಾರ ಗಂಟು ಹೋಗುತ್ತಿತ್ತು ಎಂದು ಭಾಲ್ಕಿ ಸ್ಟೇಷನ್ನಿನ ಪಾರ್ಸಲ್ ಗುಮಾಸ್ತ ಜ್ಞಾನೇಶ್ವರನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು. ಉದ್ದನೆಯ ರಟ್ಟಿನ ಪೆಟ್ಟಿಗೆ, ಸುತ್ತ ಸುತಳಿ, ಗಂಟುಗಳ ಮೇಲೆ ಅರಗಿನ ಮುದ್ರೆ, ಮುಂಬಯಿಯ ಅಂಗಡಿಯ ಚೀಟಿ. ಚೀಟಿಯ ಮೇಲೆ ಎರಡು ಹೆಸರು, ಒಂದರ ಕೆಳಗೊಂದು: ಅಬ್ದುಲ ಮಜೀದ, ಬೀದರ; ಜ್ಞಾನೇಶ್ವರ, ಭಾಲ್ಕಿ. ಲಗ್ನಪತ್ರಿಕೆಯಲ್ಲಿ ಬರೆದ ಹಾಗಿತ್ತು. ಹಮಾಲರಿಗೆ ಮುಟ್ಟಗೊಡದೆ ಅವನೇ ಎತ್ತಿ ತಂದ. ಅಷ್ಟುದ್ದದ ಪೆಟ್ಟಿಗೆಗೆ ತೂಕವೇ ಇರಲಿಲ್ಲ. ಮೇಜಿನ ಮೇಲೆ ಇಟ್ಟ, ಅಲ್ಲಿ ಬೇಡವೆಂದು ಕಪಾಟಿನ ಮೇಲೆ ಇಟ್ಟ, ಬಿದ್ದೀತೆಂದು ಮತ್ತೆ ಮೇಜಿಗೇ ತಂದ. ಇವತ್ತು ತಲುಪುತ್ತದೆಂದು ಅಂಗಡಿಯವರು ಬರೆದಿದ್ದರಿಂದ ಮಜೀದ ಎರಡರ ಗಾಡಿಗೆ ಬೀದರಿನಿಂದ ಬರುವವನಿದ್ದ. ಅಲ್ಲಿಗೆ ಮೂರು ತಾಸು. ಮೂರು ವರ್ಷದಲ್ಲಿ ಹೇಳಲಾಗದ ಒಂದು ಮಾತನ್ನು ಈ ಮೂರು ತಾಸಿನಲ್ಲಿ ಹೇಗೆ ಹೇಳಬೇಕೆಂದು ಜೋಡಿಸಿಕೊಳ್ಳಬೇಕಾಗಿತ್ತು. ಪೆಟ್ಟಿಗೆ ಬಿಚ್ಚುವುದಕ್ಕೆ ಮೊದಲೇ ಅದನ್ನು ಹೇಳಬೇಕು, ಹೇಳಿದ ಮೇಲೆ ಮಜೀದ ಬಹುಶಃ ಪೆಟ್ಟಿಗೆ ಬಿಚ್ಚಲಿಕ್ಕೆ ನಿಲ್ಲುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಪೆಟ್ಟಿಗೆಯಲ್ಲಿದ್ದುದು ವಿಮಾನ. ಅಂದರೆ ಇನ್ನೂ ವಿಮಾನವಾಗದ ಹಗುರ ಕಟ್ಟಿಗೆಯ ತುಂಡುಗಳು, ತೆಳುಕಾಗದ, ತಂತಿ, ನಕ್ಷೆ. ಮೊದಲ ಮಹಾಯುದ್ಧದ ಎರಡು ರೆಕ್ಕೆಯ ಬಾಂಬರು, ಮೂಲದ ಇಪ್ಪತ್ನಾಲ್ಕರಲ್ಲಿ ಒಂದು ಪಾಲು. ಜೋಡಿಸಿದರೆ ರೆಕ್ಕೆಯ ಈ ತುದಿಯಿಂದ ಆ ತುದಿಗೆ ಒಂದೂಕಾಲು ಮೊಳ. ಬೀದರ ಜಿಲ್ಲೆಯಲ್ಲಿ ಯುದ್ಧವಿಮಾನದ ಮಾದರಿ ಕೂಡಿಹಾಕುವ ಹುಚ್ಚು ಹಿಡಿದವರು ಮೂವರು. ಬೀದರಿನ ಚೌಬಾರಾದ ಹತ್ತಿರ ಗಡಿಯಾರ ರಿಪೇರಿ ಮಾಡುವ ಮಜೀದ, ಜ್ಞಾನೇಶ್ವರ, ಮತ್ತೆ ಔರಾದ ತಾಲ್ಲೂಕಿನ ಎಕಂಬಾದ ಸಾಲಿಯ ಹಣಮಂತಪ್ಪ ಮಾಸ್ತರ. ಮೂವರ ಬಳಿಯೂ ಇದ್ದವೆಲ್ಲ ಸಣ್ಣವು: ಸೀಸದ ಬೊಂಬೆಗಳು, ಎರಡನೇ ಯುದ್ಧದಲ್ಲಿ ಸಿಪಾಯಿಗಳಿಗೆ ಶತ್ರುವಿಮಾನದ ಗುರುತು ಕಲಿಸಲು ಮಾಡಿದ ಕರಿಬಣ್ಣದ ಕಟ್ಟಿಗೆ ಮಾದರಿಗಳು, ಹೈದ್ರಾಬಾದಿನ ಗುಜರಿ ಬಜಾರದಲ್ಲಿ ಕೊಂಡವು. ಅಂಗೈಯಲ್ಲಿ ಕೂರುವ ವಿಮಾನ ನೋಡಿ ನೋಡಿ ಕಣ್ಣು ಸಣ್ಣವಾಗಿದ್ದವರಿಗೆ, ದೊಡ್ಡ ಅಳತೆಯದು ಬರಲಿದೆ ಎಂದು ಮುಂಬಯಿಯ ಅಂಗಡಿ ಪುಸ್ತಿಕೆ ಕಳಿಸಿದಾಗ ತಲೆ ನಿಲ್ಲಲಿಲ್ಲ. ವಿಲಾಯತಿಯಿಂದ ಹಡಗು ಹೊರಟಿತೆಂದರು, ಹೊರಟಿಲ್ಲವೆಂದರು, ಬಂದರಿನ ಗೋದಿಯಲ್ಲಿ ಹಡಗು ನಿಂತಿದೆ ಎಂದರು. ಮಜೀದ ಅಂಗಡಿಯ ಗಾಜಿನ ಕಪಾಟಿನಲ್ಲಿ ನಡುವಿನ ಹಲಗೆ ಖಾಲಿ ಮಾಡಿ ಎಂಟು ತಿಂಗಳಾಗಿತ್ತು; ಗಿರಾಕಿಗಳು ಇಲ್ಲಿನ ಮಾಲು ಕಳವಾಯಿತೇ ಎಂದು ಕೇಳುತ್ತಿದ್ದರು. ಮಾಸ್ತರನಂತೂ ವಾರಕ್ಕೊಂದು ಕಾರ್ಡು. ರೆಕ್ಕೆಗಳ ನಡುವಿನ ತಂತಿ ಅಂಗಡಿಯವರೇ ಬಿಗಿದು ಕಳಿಸುವರೋ, ನಾವೇ ಬಿಗಿಯಬೇಕೋ, ಕೂಡಲೇ ತಿಳಿಸುವುದು. ತನ್ನ ಮಾವ ತೀರಿಕೊಂಡ ಸುದ್ದಿ ಬರೆದ ಕಾರ್ಡಿನ ಮೂಲೆಯಲ್ಲಿ ಕೂಡ ಸಣ್ಣ ಅಕ್ಷರದಲ್ಲಿ “ಬಂತೇ?” ಎಂದು ಕೇಳಿದ್ದ. ಸತ್ತವರು ಸತ್ತರು, ಇದ್ದವರು ಕಾಯಬೇಕಲ್ಲ.

ಬೆಳಿಗ್ಗೆ ಹೊರಡುವಾಗ ಅವ್ವ ಪುತಳಾಬಾಯಿಯೂ ಅದನ್ನೇ ಕೇಳಿದ್ದಳು. ರೊಟ್ಟಿ ಬಡಿಯುತ್ತ, ತಿರುಗಿ ನೋಡದೆ, “ಇವತ್ತರ ನಿಮ್ಮ ಇಮಾನ ಬರ್ತದೇನೋ?” ಅಂದಿದ್ದಳು. ಅವನು ದಿನದಂತೆ ತಿದ್ದಿದ್ದ: “ಇಮಾನ ಅಲ್ಲವ್ವ, ವಿಮಾನ.” “ನಾ ಅದೇ ಅಂದೆಲ್ಲ,” ಎಂದು ಅವಳು ರೊಟ್ಟಿ ತಿರುವಿದ್ದಳು. ಚಿಂತಾಕಿಯ ಕುರಿ ಸಾಕುವ ಮನೆತನದವಳು. ಆ ಕಡೆಯವರ ಬಾಯಲ್ಲಿ ಮೊದಲ ವಕಾರ ನಿಲ್ಲುವುದಿಲ್ಲ. ವಿಷ ಇಸವಾಗುತ್ತದೆ, ವಿಚಾರ ಇಚಾರವಾಗುತ್ತದೆ. ಆಗಲಿ, ಯಾರಿಗೇನು ನಷ್ಟ. ಆದರೆ ಬೀದರಿನಲ್ಲಿ ಇಮಾನಕ್ಕೆ ಬೇರೆಯದೇ ಅರ್ಥ. ಉರ್ದುವಿನ ಆ ಮಾತು ಅಲ್ಲಿ ಎಲ್ಲರ ಬಾಯಲ್ಲೂ ಇತ್ತು: ದೇವರಲ್ಲಿ ಇಡುವ ನಂಬಿಕೆ, ಮನುಷ್ಯರ ಜೊತೆ ಇಟ್ಟುಕೊಳ್ಳುವ ನಿಯತ್ತು, ಎರಡೂ ಇಮಾನವೇ. ಇದನ್ನು ಜ್ಞಾನೇಶ್ವರ ಕಲಿತದ್ದು ಹನ್ನೆರಡನೇ ವಯಸ್ಸಿನಲ್ಲಿ, ನಾಚಿಕೆಪಟ್ಟು. ಚಿಂತಾಕಿಯಿಂದ ಬಂದು ಬೀದರಿನ ಉರ್ದು ಸಾಲಿಗೆ ಸೇರಿದ ಹೊಸತು. ಒಂದು ದಿನ ಕೋಟೆಯ ಕಡೆಯಿಂದ ಆಕಾಶದಲ್ಲಿ ಗುಂಯ್‌ಗುಟ್ಟುತ್ತ ಏನೋ ಬಂತು, ಅವನು ಜನ್ಮದಲ್ಲಿ ಕಂಡ ಮೊದಲ ವಿಮಾನ, ತಡೆಯಲಾರದೆ ಎದ್ದು ನಿಂತು ತನಗೆ ಬರುತ್ತಿದ್ದಷ್ಟು ಉರ್ದುವಿನಲ್ಲಿ, “ಸಾಬ್, ಇಮಾನ ಉಡಗಯಾ” ಎಂದು ಕೂಗಿದ. ಇಮಾನ ಹಾರಿಹೋಯಿತು. ಉಸ್ತಾದರು ಮೂಗಿನಿಂದ ಕನ್ನಡಕ ಇಳಿಸಿ, ಮೂಗಿನಲ್ಲೇ ಕೇಳಿದರು: “ಕಿಸಕಾ?” ಯಾರದ್ದು? ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಪಕ್ಕದಲ್ಲಿದ್ದ ಮಜೀದ. ನಕ್ಕು ಮುಗಿದ ಮೇಲೆ ಅವನೇ ಪಾಟಿಯ ಮೇಲೆ ಎರಡು ರೆಕ್ಕೆಯ ವಿಮಾನ ಬರೆದು ಇವನ ಕಡೆ ಸರಿಸಿದ. ಅವತ್ತಿನಿಂದ ಜ್ಞಾನೇಶ್ವರ ವಕಾರ ಬಿಟ್ಟವನಲ್ಲ, ಮಜೀದನನ್ನೂ ಬಿಟ್ಟವನಲ್ಲ.

ಬಿಟ್ಟವನಲ್ಲ ಎಂದು ಎದೆ ತಟ್ಟಿ ಹೇಳಬಹುದೇ? ಹೊರಗೆ ಸಿಗ್ನಲ್ ಬಿದ್ದ ಸದ್ದಾಯಿತು, ಮಾಲುಗಾಡಿಯೊಂದು ನಿಲ್ಲದೆ ಹೋಯಿತು, ಮೇಜಿನ ಮೇಲಿನ ಪೆಟ್ಟಿಗೆ ಒಳಗಿಂದ ಸಣ್ಣಗೆ ಅಲುಗಿತು. ಅವನು ಅದರ ಮೇಲೆ ಅಂಗೈ ಇಟ್ಟ. ಇದೇ ನಮೂನೆಯ ವಿಮಾನವನ್ನು ಮಜೀದನ ಅಪ್ಪ ಅಬ್ದುಲ ಗಫೂರ ಎಂದೋ ಮಾಡಿದ್ದರು. ಅವರು ಬೀದರಿ ಕೆಲಸದವರು, ಕರಿ ಲೋಹದಲ್ಲಿ ಬೆಳ್ಳಿಯ ತಂತಿ ಕೂರಿಸಿ ಹೂವು ಅರಳಿಸುವವರು. ಮೊದಲ ಮಹಾಯುದ್ಧದಲ್ಲಿ ನಿಜಾಮರು ಇಂಗ್ಲೆಂಡಿಗೆ ಒಂದು ಪಡೆಯಷ್ಟು ವಿಮಾನ ಕೊಡಿಸಿದ್ದರಂತೆ, ಒಂದೊಂದರ ಮೈಮೇಲೂ ಹೈದ್ರಾಬಾದ್ ಎಂದು ಬರೆದಿತ್ತಂತೆ. ಆ ಸುದ್ದಿಯ ಜೊತೆ ಪತ್ರಿಕೆಯಲ್ಲಿ ಬಂದ ಮಸುಕು ಚಿತ್ರವೊಂದನ್ನು ನೋಡಿ ಸಾಗವಾನಿಯಲ್ಲಿ ಒಂದು ಗೇಣಿನ ವಿಮಾನ ಕೆತ್ತಿ, ಹೊಟ್ಟೆಯ ಮೇಲೆ ಬೆಳ್ಳಿ ತಂತಿಯಲ್ಲಿ ‘ಹೈದ್ರಾಬಾದ್’ ಎಂಬ ಉರ್ದು ಅಕ್ಷರ ಕೂರಿಸಿದ್ದರು. ಮೂಗಿನ ಪಂಖ ಮಾತ್ರ ಅಪ್ಪಟ ಬೀದರಿ, ಕಪ್ಪು ಮೈಗೆ ಬೆಳ್ಳಿಯ ಎಳೆ, ಊದಿದರೆ ತಿರುಗುತ್ತಿತ್ತು. ಮೂವರ ಸಂಗ್ರಹ ತಕ್ಕಡಿಯ ಒಂದು ತಟ್ಟೆಗೆ, ಅದೊಂದೇ ಇನ್ನೊಂದಕ್ಕೆ.

ಮೂರು ವರ್ಷದ ಹಿಂದೆ ಪೊಲೀಸ್ ಆ್ಯಕ್ಷನ್ನಿನಲ್ಲಿ ಹಿಂದುಸ್ತಾನದ ವಿಮಾನಗಳು ಬೀದರಿನ ಮೇಲೆ ಬಂದಾಗ ಜ್ಞಾನೇಶ್ವರ ಇನ್ನೂ ಬೀದರ ಸ್ಟೇಷನ್ನಿನಲ್ಲೇ ಕೆಲಸಕ್ಕಿದ್ದ, ಮೈಲೂರಿನಲ್ಲಿ ಮನೆ. ಆ ಬೆಳಿಗ್ಗೆ ಮಜೀದ ಮೈಲೂರಿಗೆ ಬಂದಿದ್ದ. ಇಬ್ಬರೂ ಮಾಳಿಗೆ ಹತ್ತಿದರು. ವಿಮಾನದ ಮೈದಾನದ ಕಡೆ ಹೊಗೆ ಏಳುತ್ತಿತ್ತು. “ಟೆಂಪೆಸ್ಟ್,” ಎಂದು ಮಜೀದ ಪಿಸುಗುಟ್ಟಿದ, “ಮೂಗು ನೋಡು, ಟೆಂಪೆಸ್ಟೇ.” ಪುಸ್ತಕದಲ್ಲಷ್ಟೇ ಕಂಡದ್ದು ತಲೆಯ ಮೇಲೆ ಬಂದಿತ್ತು, ಇಬ್ಬರಿಗೂ ಮೈ ಜುಮ್ಮೆಂದಿತು. ಮರುಗಳಿಗೆಗೆ ಒಬ್ಬರ ಮುಖ ಒಬ್ಬರು ನೋಡಲಾಗಲಿಲ್ಲ. ಫೌಜು ಬಂದು, ನಿಜಾಮರ ರಾಜ್ಯ ಮುಗಿದು, ಮಜೀದನ ಗಲ್ಲಿಯಲ್ಲಿ ಹಗಲೂ ಬಾಗಿಲು ತೆರೆಯದ ದಿನಗಳು ಬಂದವು. ಎಲ್ಲೆಲ್ಲಿಂದಲೋ ಕೆಟ್ಟ ಸುದ್ದಿ. ಅಂಥ ಒಂದು ಮಧ್ಯಾಹ್ನ ಮಜೀದ ಟವೆಲ್ಲಿನಲ್ಲಿ ಸುತ್ತಿದ ವಿಮಾನ ತಂದು ಇವನ ಕೈಯಲ್ಲಿಟ್ಟ. ನಿಮ್ಮ ಮನೆ ಯಾರೂ ಹುಡುಕುವುದಿಲ್ಲ, ಇದೊಂದು ಉಳಿದರೆ ಅಪ್ಪ ಉಳಿದ ಹಾಗೆ ಎಂದ. ಇಷ್ಟು ಹೇಳಿ ನೀರೂ ಕುಡಿಯದೆ ಗೋಡೆಗುಂಟ ಹೋದ. ಅವನ ಬೆನ್ನು ನೋಡುತ್ತ ಜ್ಞಾನೇಶ್ವರ ಜೀವ ಹೋದರೂ ಇದನ್ನು ಕಾಯುವೆನೆಂದುಕೊಂಡ. ಜೀವ ಹೋಗುವ ಪ್ರಸಂಗ ಬರಲೇ ಇಲ್ಲ, ಬರೀ ಹೆದರಿಕೆ ಬಂತು. ಮೂರನೇ ದಿನ ಓಣಿಯಲ್ಲಿ ಮಿಲಿಟ್ರಿ ಲಾರಿ ನಿಂತ ಸದ್ದು ಕೇಳಿ, ಯುದ್ಧವಿಮಾನ, ಅದರ ಮೇಲೆ ಉರ್ದುವಿನಲ್ಲಿ ಹೈದ್ರಾಬಾದ್, ರಜಾಕಾರರ ಗುಪ್ತಚರನೆಂದು ಎಳೆದೊಯ್ಯುತ್ತಾರೆ ಎಂದು ಅಡುಗೆಮನೆಗೆ ಓಡಿ, ರೆಕ್ಕೆ ಮುರಿದು ಒಲೆಗೆ ತುರುಕಿದ. ಸಾಗವಾನಿ ಚೆನ್ನಾಗಿ ಉರಿಯಿತು. ಕಟ್ಟಿಗೆ ಹೋದ ಮೇಲೂ ಬೆಳ್ಳಿಯ ಅಕ್ಷರ ಕೆಂಡದ ಮೇಲೆ ಹಾಗೇ ಉಳಿದಿದ್ದವು, ಓದಲು ಬರುತ್ತಿದ್ದವು. ಅವನ್ನು ಇಕ್ಕಳದಿಂದ ಕೆದರಿ, ಬೂದಿಯ ಜೊತೆ ತಿಪ್ಪೆಗೆ ಹಾಕಿಬಂದ. ಆಮೇಲೆ ಬಾಗಿಲಿಗೆ ಇಬ್ಬರು ಸಿಪಾಯಿಗಳು ಬಂದರು. ಕುಡಿಯಲು ನೀರು ಕೇಳಿದರು. ಅವ್ವ ಮಜ್ಜಿಗೆ ಕೊಟ್ಟಳು, ಛಲೋ ಇದೆ ಎಂದು ಕುಡಿದು, ಕೈಮುಗಿದು ಹೋದರು.

ಇಷ್ಟೇ ಆಗಿದ್ದರೆ ಹೆದರಿದ್ದೆ, ಸುಟ್ಟೆ ಎನ್ನಬಹುದಿತ್ತು. ಆದರೆ ಹದಿನೈದು ದಿನದ ಮೇಲೆ ಮಜೀದ ಸಿಕ್ಕಾಗ, ಅವನು ಕೇಳುವುದಕ್ಕೂ ಮೊದಲೇ ಇವನ ಬಾಯಿಂದ ಮಿಲಿಟ್ರಿಯವರು ಒಯ್ದರು ಎಂದು ಬಂದುಬಿಟ್ಟಿತು. ಮಜೀದ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಹೋಗಲಿ ಬಿಡು, ನೀ ಉಳದಿಯಲ್ಲ ಎಂದ. ಸುಳ್ಳಿಗೆ ಅಲ್ಲಿಗೇ ಮಣ್ಣು ಹಾಕಿದ್ದರೆ ಬೇರೆ. ಮಜೀದ ಅದಕ್ಕೆ ಕೈಕಾಲು ಮೂಡಿಸಿದ. ಅಂಗಡಿಗೆ ಬಂದವರಿಗೆಲ್ಲ, ಜ್ಞಾನೇಶ್ವರನ ಎದುರಿಗೇ, ಆ ವಿಮಾನ ಒಯ್ದ ಆಫೀಸರು ಈಗ ದಿಲ್ಲಿಯಲ್ಲಿದ್ದಾನೆ, ಮೇಜಿನ ಮೇಲೆ ಇಟ್ಟುಕೊಂಡಿದ್ದಾನೆ, ದಿನಾ ಬೆಳಿಗ್ಗೆ ಪಂಖ ಊದುತ್ತಾನೆ ಎಂದು ಹೇಳುವನು. ವರ್ಷ ಕಳೆದಂತೆ ಆಫೀಸರಿಗೆ ಬಡ್ತಿ ಸಿಕ್ಕಿತು, ಮೀಸೆ ಬಂತು, ಮಗಳ ಮದುವೆಯಾಯಿತು. ಹೇಳುವಾಗ ಮಜೀದ ಇವನನ್ನೇ ನೋಡುತ್ತಿದ್ದ, “ಹೌದಿಲ್ಲೋ?” ಎಂದು ಕೇಳುತ್ತಿದ್ದ. ಇವನು ಹೌದೆಂದು ತಲೆಯಾಡಿಸುತ್ತಿದ್ದ. ಹಾಗೆ ಎಷ್ಟು ಸಲ ತಲೆಯಾಡಿಸಿದ್ದನೋ ಲೆಕ್ಕವಿಲ್ಲ. ಭಾಲ್ಕಿಗೆ ವರ್ಗವಾದಾಗ ಬೀದರ ಬಿಟ್ಟ ದುಃಖದ ಅಡಿಯಲ್ಲಿ, ಆ ಆಫೀಸರ ಕತೆ ಇನ್ನು ದಿನಾ ಕೇಳಬೇಕಾಗಿಲ್ಲವೆಂಬ ಸಮಾಧಾನವೂ ಇತ್ತು.

ಹೋದ ವಾರ ಮಜೀದನ ಕಾರ್ಡು ಬಂದಿತ್ತು. ಈ ಸಲ ಹೈದ್ರಾಬಾದ್ ಅಂತ ನೀನೇ ಬರೆಯಬೇಕು, ನನ್ನ ಕೈ ಗಡಿಯಾರದ ತಿರುಪಿಗೆ ಪಳಗಿದ್ದು, ನಿನ್ನ ಅಕ್ಷರ ಅಪ್ಪನಿಗೂ ಸೇರುತ್ತಿತ್ತು. ಇದನ್ನು ಓದಿದ ಮೇಲೆ ಜ್ಞಾನೇಶ್ವರನಿಗೆ ಊಟ ರುಚಿಸಲಿಲ್ಲ. ತಿಪ್ಪೆಗೆ ಹಾಕಿದ ಅಕ್ಷರವನ್ನು ಅದೇ ಕೈಯಿಂದ ಮತ್ತೆ ಬರೆಯುವುದು ಹೇಗೆ? ಮಾಸ್ತರನ ಹಾಗೆ ಕಾದವನು ತಾನೂ ಹೌದು. ರಾತ್ರಿ ಕಣ್ಣು ಮುಚ್ಚಿದರೆ ಒಂದೂಕಾಲು ಮೊಳದ ರೆಕ್ಕೆ ಕಾಣುತ್ತಿತ್ತು, ಆಸೆಯಿಂದ ಬಾಯಲ್ಲಿ ನೀರೂರುತ್ತಿತ್ತು, ಅದೇ ಗಳಿಗೆಗೆ ಒಲೆ ಕಾಣುತ್ತಿತ್ತು. ಹನ್ನೆರಡೂವರೆಗೆ ಚಿಂತಾಕಿಯ ಧೊಂಡಿಬಾ ಉಣ್ಣೆಯ ಗಂಟು ಕಳಿಸಲು ಬಂದ. ಚೀಟಿ ಬರೆಯುವುದನ್ನು ಕಾಯುತ್ತ ಪೆಟ್ಟಿಗೆಯನ್ನು ಕಣ್ಣಿಂದಲೇ ಅಳೆದು, “ಏನ್ರಿ ಇದು, ಕೂಸಿನ ಹೆಣದ ಪೆಟಗಿ ಇದ್ದಂಗದ,” ಎಂದ. ಜ್ಞಾನೇಶ್ವರ ಅವನ ಹೆಸರು ಎರಡು ಸಲ ತಪ್ಪು ಬರೆದ.

ಎರಡರ ಗಾಡಿ ಎರಡೂ ಇಪ್ಪತ್ತಕ್ಕೆ ಬಂತು. ಮಾಸಿದ ಶೇರವಾನಿ, ಹೆಗಲಿಗೆ ಚೀಲ, ಕಣ್ಣಿಗೆ ಸಿಕ್ಕಿಸುವ ಗಡಿಯಾರದ ಭೂತಗನ್ನಡಿಯನ್ನು ತೆಗೆಯುವುದು ಮರೆತು ಹಣೆಯ ಮೇಲೇ ಏರಿಸಿಕೊಂಡಿದ್ದ ಮಜೀದ ಗಾಡಿ ನಿಲ್ಲುವ ಮೊದಲೇ ಇಳಿದ. ಅವನನ್ನು ಕಂಡೊಡನೆ ಜ್ಞಾನೇಶ್ವರನಿಗೆ ಹೊಟ್ಟೆಯಲ್ಲಿ ಪ್ರೀತಿ ಉಕ್ಕಿತು, ಅದರ ಹಿಂದೆಯೇ ಇದು ಕಡೆಯ ಸಲವೇನೋ ಎಂಬ ದಿಗಿಲು. ಮಜೀದ ಒಳಗೆ ಬಂದವನೇ ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿದ, ಮುಟ್ಟಲಿಲ್ಲ. ಮಾಸ್ತರನಿಗೆ ತಂತಿಸುದ್ದಿ ಕೊಡೋಣವೇ ಎಂದ. ಬೇಡ, ಮುದುಕನ ಎದೆ ಒಡೆದೀತು ಎಂದು ತಾನೇ ಉತ್ತರಿಸಿದ. ಚೀಲದಿಂದ ಅಂಟು, ಮರಳುಕಾಗದ, ಮತ್ತೆ ಕಾಗದದ ಪೊಟ್ಟಣವೊಂದನ್ನು ತೆಗೆದಿಟ್ಟ. ಪೊಟ್ಟಣದಲ್ಲಿ ಬೆಳ್ಳಿಯ ತಂತಿ, ಅಪ್ಪನ ಪೆಟ್ಟಿಗೆಯಲ್ಲಿ ಉಳಿದಿದ್ದದ್ದು. “ನೀ ಬರಿಲಿಕ್ಕೆ,” ಎಂದ. ಆಮೇಲೆ ಚಾಕು ಬಿಚ್ಚಿ ಸುತಳಿಗೆ ಹಚ್ಚಿದ.

ಜ್ಞಾನೇಶ್ವರ ಅವನ ಮುಂಗೈ ಹಿಡಿದ. ಮೂರು ತಾಸು ಜೋಡಿಸಿಟ್ಟ ಮಾತುಗಳು ಎಲ್ಲಿಯೋ ಹೋದವು. ಸಾಲಿ, ನೌಕರಿ ಎಲ್ಲ ಕಳಚಿ, ಚಿಂತಾಕಿಯ ಬಾಯಿ ತಾನಾಗಿ ತೆರೆಯಿತು.

“ತಡಿ, ಮಜೀದ. ಮಿಲಿಟ್ರಿಯವರು ಒಯ್ದಿಲ್ಲ. ಇಮಾನ ನಾನೇ ಸುಟ್ಟೀನಿ.”

ವಕಾರ ಬಿದ್ದುಹೋದದ್ದು ಇಬ್ಬರಿಗೂ ಕೇಳಿಸಿತು. ಮಜೀದ, ನಗದೆ, ಬಹಳ ಮೆಲ್ಲಗೆ, ಸತ್ತುಹೋದ ಆ ಉಸ್ತಾದರ ಮೂಗಿನ ದನಿಯಲ್ಲಿ ಕೇಳಿದ: “ಕಿಸಕಾ?”

“ನಂದು,” ಎಂದ ಜ್ಞಾನೇಶ್ವರ. “ನಂದೇ.”

ಅವನಿಗೆ ಅಳು ಬಂತು. ಅಳುವುದನ್ನು ಹಮಾಲರು ನೋಡಬಾರದೆಂದು ಕಿಟಕಿಯ ಕಡೆ ಬೆನ್ನು ಮಾಡಿ ನಿಂತ. ಮಜೀದ ಚಾಕು ಮಡಚಿ ಕಿಸೆಗೆ ಹಾಕಿದ. ಇನ್ನೊಂದು ಕಿಸೆಗೆ, ಗಡಿಯಾರ ಇಡುವ ಸಣ್ಣ ಕಿಸೆಗೆ, ಎರಡು ಬೆರಳು ಇಳಿಸಿ ಏನೋ ತೆಗೆದು ಪೆಟ್ಟಿಗೆಯ ಮೇಲೆ ಇಟ್ಟ. ಕರಿ ಲೋಹದ ಪಂಖ, ಬೆಳ್ಳಿಯ ಎಳೆ. ದಿನಾ ಕೈಯಾಡಿಸಿ ಅಂಚು ಹೊಳೆಯುತ್ತಿತ್ತು.

ಮಜೀದ ಹೇಳತೊಡಗಿದ. ರೆಕ್ಕೆ ಮುರಿಯುವಾಗ ಅದು ಸಿಡಿದು ಒಲೆಯ ಮೂಲೆಗೆ ಬಿದ್ದಿತ್ತಂತೆ. ಅದನ್ನು ಜ್ಞಾನೇಶ್ವರನ ಅವ್ವ ಸೆರಗಿಗೆ ಕಟ್ಟಿಕೊಂಡಿದ್ದಳು. ಮರುದಿನ, ಮೈಲೂರಿನಿಂದ ಯಾರೂ ಆ ಗಲ್ಲಿಗೆ ಕಾಲಿಡದ ಹೊತ್ತಿನಲ್ಲಿ, ಒಬ್ಬಳೇ ನಡೆದು ಹೋಗಿ ಮಜೀದನ ಮನೆಯ ಬಾಗಿಲು ಬಡಿದಳು. ಬಾಗಿಲು ತಗೀರಿ ಎಂದು ಕರೆದಳು. ಹೆಂಗಸಿನ ದನಿ ಎಂದು ಮಜೀದನ ತಾಯಿ ಹಾಜಿರಾಬೀ ಅರೆಬಾಗಿಲು ತೆರೆದರೆ, ಪುತಳಾಬಾಯಿ ಹೊಸ್ತಿಲಲ್ಲೇ ಕೈಮುಗಿದು ಹೇಳಿದಳಂತೆ: “ಅಕ್ಕಾ, ನಿಮ್ಮ ಇಮಾನ ನನ್ನ ಮಗ ಸುಟ್ಟಾನ್ರಿ. ಅವನಿಗಿ ಮಾಫ ಮಾಡ್ರಿ.”

ಹಾಜಿರಾಬೀ ಅಲ್ಲೇ ಕುಸಿದಳು. ಆ ದಿನಗಳಲ್ಲಿ ಆ ಮಾತಿಗೆ ಯಾವ ಅರ್ಥ ಬೇಕಾದರೂ ಇರಬಹುದಿತ್ತು. ದರ್ಗಾಕ್ಕೆ ಬೆಂಕಿ ಬಿತ್ತೋ, ಕುರಾನಿಗೋ, ಊರು ಬಿಟ್ಟ ತಮ್ಮನ ಮನೆಗೋ ಎಂದು ಎದೆ ಬಡಿದುಕೊಳ್ಳತೊಡಗಿದಳು. ಅವಳು ಅಳುವುದನ್ನು ನೋಡಿ ಪುತಳಾಬಾಯಿಯೂ ಅತ್ತಳು, ಅಳುತ್ತಲೇ ಸೆರಗಿನ ಗಂಟು ಬಿಚ್ಚಿ ಪಂಖ ತೋರಿಸಿದಳು. “ಇಮಾನರಿ, ಇಮಾನ, ಮ್ಯಾಲ ಹಾರ್ತದಲ್ಲರಿ,” ಎಂದು ಕೈ ಬೀಸಿದಳು. ಆಗ ಹಾಜಿರಾಬೀಗೆ ನಗು ಬಂತು. ನಿಲ್ಲಿಸಲಾಗದ ನಗು. ಪುತಳಾಬಾಯಿಗೆ ಯಾಕೆಂದು ತಿಳಿಯದಿದ್ದರೂ ಅವಳೂ ನಕ್ಕಳು. ಒಂಬತ್ತು ದಿನದಲ್ಲಿ ಆ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು ಎಂದು ಹೇಳುವಾಗ ಮಜೀದನ ದನಿ ಒಡೆಯಿತು. ಹೋಗುವಾಗ ಅವಳು ಒಂದು ಮಾತು ಕೇಳಿಕೊಂಡು ಹೋದಳಂತೆ. ನನ್ನ ಮಗನಿಗೆ ನೀವಾಗಿ ಕೇಳಬೇಡಿ, ಅವನ ಬಾಯಿಂದ ಅದು ಬರಬೇಕು, ಬರುತ್ತದೆ.

“ದಿಲ್ಲಿ ಆಫೀಸರನ ಕತಿ ಎಷ್ಟ ಸಲ ಹೇಳೀನಿ,” ಎಂದ ಮಜೀದ. “ಮೀಸಿ ಇಟ್ಟೆ, ಮಗಳ ಲಗ್ನ ಮಾಡಿದೆ. ನೀ ಒಂದ ಸಲನೂ ಸುಳ್ಳ ಅನಲಿಲ್ಲ. ಇನ್ನ ಅವನಿಗಿ ಪಿಂಚಣಿ ಕೊಡೂದೊಂದ ಬಾಕಿ ಇತ್ತು.”

ಜ್ಞಾನೇಶ್ವರ ಕಣ್ಣೊರಸಿಕೊಂಡು, ನಿನಗೆ ಸಿಟ್ಟು ಬರಲಿಲ್ಲವೇ ಎಂದು ಕೇಳಿದ. ಬಂದಿತ್ತು ಎಂದ ಮಜೀದ. ಸುಟ್ಟದ್ದಕ್ಕೆ ಅಲ್ಲ. “ನನಗ ಅಂಜಿಕಿ ಆಗಿತ್ತು, ಅದಕ್ಕೇ ನಿನ್ನ ಕೈಯಾಗ ಕೊಟ್ಟೆ. ಅದರ ಸಂಗಟ ನನ್ನ ಅಂಜಿಕಿನೂ ನಿನಗ ಬಂತು. ಸುಟ್ಟಿ, ಹೋತು. ನನ್ನ ಮುಂದ ಸುಳ್ಳ ಹೇಳಿದೆಲ್ಲ, ಅದಕ್ಕ ಸಿಟ್ಟ ಬಂದಿತ್ತು.” ಇಷ್ಟು ಹೇಳಿ ಅವನು ಪಂಖವನ್ನು ಎತ್ತಿ ಪೆಟ್ಟಿಗೆಯ ಉದ್ದಕ್ಕೆ ಹಿಡಿದು ನೋಡಿದ. ಹೊಸ ವಿಮಾನಕ್ಕೆ ಅದು ತೀರ ಸಣ್ಣದು, ಎತ್ತಿನ ಕೊರಳಿಗೆ ಆಡಿನ ಗಂಟೆ ಕಟ್ಟಿದ ಹಾಗಾಗುತ್ತದೆ. ಆದರೂ ಊದಿದ. ತಿರುಗಲಿಲ್ಲ, ಅದನ್ನು ಸಿಕ್ಕಿಸಲು ಮೂಗೇ ಇರಲಿಲ್ಲವಲ್ಲ. ಇಬ್ಬರಿಗೂ ಒಟ್ಟಿಗೇ ನಗು ಬಂತು.

ಪೆಟ್ಟಿಗೆಯನ್ನು ಅಲ್ಲಿ ಬಿಚ್ಚಲಿಲ್ಲ. ಜ್ಞಾನೇಶ್ವರನ ಪಾಳಿ ಮುಗಿದ ಮೇಲೆ ಒಂದು ತುದಿ ಅವನು, ಒಂದು ತುದಿ ಮಜೀದ ಹಿಡಿದು ಮನೆಯ ಕಡೆ ನಡೆದರು. ಒಬ್ಬನೇ ಬಗಲಲ್ಲಿ ಇಟ್ಟುಕೊಳ್ಳಬಹುದಾದಷ್ಟು ಹಗುರ. ಆದರೂ ಇಬ್ಬರೂ ಬಿಡಲಿಲ್ಲ. ದಾರಿಯಲ್ಲಿ ಜ್ಞಾನೇಶ್ವರ ಅವ್ವನನ್ನು ಕುರಿತೇ ಯೋಚಿಸುತ್ತಿದ್ದ. ಹದಿನಾಲ್ಕು ತಿಂಗಳು, ದಿನಾ ಬೆಳಿಗ್ಗೆ, ಇಮಾನ ಅಲ್ಲ ವಿಮಾನ ಎಂದು ಅವಳನ್ನು ತಿದ್ದಿದ್ದ. ನಾ ಅದೇ ಅಂದೆಲ್ಲ ಎಂದು ದಿನಾ ಅವಳು ರೊಟ್ಟಿ ತಿರುವಿದ್ದಳು.

ಪುತಳಾಬಾಯಿ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಇಬ್ಬರನ್ನೂ ನೋಡಿದಳು, ನಡುವಿನ ಪೆಟ್ಟಿಗೆ ನೋಡಿದಳು, ಮಗನ ಕೆಂಪಾದ ಕಣ್ಣು ನೋಡಿದಳು, ಮೊರ ಕೆಳಗಿಟ್ಟಳು.

“ಬಂತೇನೋ ನಿಮ್ಮ ಇಮಾನ?”

“ಬಂತವ್ವ,” ಎಂದ ಜ್ಞಾನೇಶ್ವರ. “ಇಮಾನ ಬಂತು.”

ಅವಳು ಪೆಟ್ಟಿಗೆ ಒಳಗೆ ಹೋಗಲು ದಾರಿ ಬಿಟ್ಟು ಸರಿದು ಕುಳಿತಳು. “ಭಾಳ ದಿನಾ ಹಿಡೀತಲ್ಲೋ,” ಎಂದಳು.